ನಾಲ್ಕು ಬೆರಳು ಸಂದು

ಮಾರ್ಚ್ 3, ಸೋಮವಾರ
ಇವತ್ತೂ ತೆಂಗಿನ ನಾರಿನ ಮ್ಯಾಟ್‌ಗೆ ಅಂಚು ಹೊಲಿದೆ. ಬೆರಳೆಲ್ಲ ತರಚಿದೆ. ಸಂಜೆ ಅಂಗಡಿ ಮಾಲೀಕ ಮಾರುತೇಶಣ್ಣ ಕರೆದ. ಬಸ್ ಸ್ಟ್ಯಾಂಡ್ ಹಿಂದಿನ ಹನುಮಮ್ಮನ ಮನೆಗೆ ನಾಳೆ ನೀನೊಬ್ಬಳೇ ಹೋಗಿ ಮ್ಯಾಟ್ ಹಾಸು ಎಂದ. ಚೆನ್ನಾಗಿ ಬಂದರೆ ಇನ್ನು ಮೇಲೆ ಹೊಸದುರ್ಗದಲ್ಲಿ ಮನೆಗಳಿಗೆ ಹೋಗಿ ಹಾಸುವ ಫಿಟ್ಟಿಂಗ್ ಕೆಲಸವೆಲ್ಲ ನನ್ನದು. ಪಿಯುಸಿ ಅರ್ಧಕ್ಕೆ ಬಿಟ್ಟೆ. ಟೈಲರಿಂಗ್ ಅರ್ಧಕ್ಕೆ ಬಿಟ್ಟೆ. ಇದೊಂದು ಮುಗಿಸಬೇಕು.

ಮಾರ್ಚ್ 4, ಸಂಜೆ 6
ಒಂದೇ ಕೋಣೆ. ಗೋಡೆ ಹಸಿರು, ಬಾಗಿಲು ನೀಲಿ, ಪರದೆ ತುಂಬ ದಾಸವಾಳ, ಮಂಚದ ಮೇಲೆ ಸೀರೆ ತುಂಡುಗಳ ಕೌದಿ. ಹನುಮಮ್ಮನಿಗೆ ಮ್ಯಾಟ್‌ನಲ್ಲೂ ಹೂವು ಬೇಕಿತ್ತಂತೆ. ಇಲ್ಲಿ ಇನ್ನೊಂದು ಹೂವಿಗೆ ಜಾಗವಿಲ್ಲ ಎಂದುಬಿಟ್ಟೆ. ಮುಖ ಸಪ್ಪಗಾಯಿತು. ಆದರೆ ನಿಜ. ಬರೀ ನಾರಿನ ಬಣ್ಣದ್ದೇ ಹಾಸಿದೆ. ಆಮೇಲೆ ಹನುಮಮ್ಮ ಬಹಳ ಹೊತ್ತು ಕೌದಿಯನ್ನೇ ನೋಡುತ್ತಾ ಕೂತರು.
"ನಾನು ಹೊಲ್ದಿದ್ದು ಇಷ್ಟು ಚೆನ್ನಾಗೈತೆ ಅಂತ ಗೊತ್ತೇ ಇರ್ಲಿಲ್ಲ ನೋಡವ್ವ."
ಮ್ಯಾಟ್ ಸುರುಳಿ ಬಿಚ್ಚಿ ಎರಡು ದಿನ ಬಿಟ್ಟು, ಅದು ನೆಲಕ್ಕೆ ಕೂತ ಮೇಲೆ ಕತ್ತರಿಸಬೇಕು ಎಂದಿದ್ದ ಮಾರುತೇಶಣ್ಣ. ಎರಡು ದಿನ ಯಾರು ಕಾಯುವುದು… ತಾತ ಮಂಚ ಹೆಣೆಯುವಾಗ ನಾರಿನ ಹಗ್ಗ ನೆನೆಸುತ್ತಿದ್ದ, ಒಣಗಿದರೆ ಬಿಗಿಯಾಗುತ್ತದೆಂದು. ನಾನೂ ನೀರು ಚಿಮುಕಿಸಿ, ಎಳೆದು, ಗೋಡೆಯಿಂದ ಗೋಡೆಗೆ ಕತ್ತರಿಸಿದೆ. ಎರಡೇ ಗಂಟೆಯಲ್ಲಿ ಮುಗಿಯಿತು.

ಮಾರ್ಚ್ 10
ಹನುಮಮ್ಮನ ಫೋನ್ ಬಂತು. ಹೋಗಿ ನೋಡಿದೆ. ಎರಡು ಕಡೆ ಗೋಡೆಗೂ ಮ್ಯಾಟಿಗೂ ನಡುವೆ ನಾಲ್ಕು ಬೆರಳು ಸಂದು. ಒಣಗಿ ಬಿಗಿಯಾಗಿದೆ, ಸರಿ. ಆದರೆ ಹಿಡಿದಿಡಲು ಇಲ್ಲಿ ಮಂಚದ ಚೌಕಟ್ಟಿಲ್ಲ, ಕುಗ್ಗಿಬಿಟ್ಟಿದೆ.
ಶುಕ್ರವಾರ ಹನುಮಮ್ಮ ನೆಲ ಒರೆಸುವ ಹಾಗೆ ಒದ್ದೆ ಬಟ್ಟೆಯಲ್ಲಿ ಮ್ಯಾಟನ್ನೂ ಒರೆಸಿದ್ದರಂತೆ. ಅದಕ್ಕೇ ಹೀಗಾಯಿತು ಎಂದುಕೊಂಡಿದ್ದಾರೆ.
"ನಮ್ಮತ್ತೆ ಕೈಗೆ ಹೊಸ ಸಾಮಾನು ಕೊಡಬಾರ್ದು ಕಣ್ರಿ" ಎಂದಳು ಸೊಸೆ ಸುಪ್ರಿಯಾ. ಹನುಮಮ್ಮ ತಲೆ ತಗ್ಗಿಸಿದರು. ನಾನು ಅಳತೆ ಬರೆದುಕೊಂಡು ಬಂದೆ. ಅಷ್ಟೇ.
ಮಾರುತೇಶಣ್ಣನಿಗೆ ಮಾತ್ರ ಇದ್ದದ್ದು ಹೇಳಿದೆ.
"ತಪ್ಪು ತಮ್ದೇ ಅಂತ ಅವ್ರೇ ಒಪ್ಕೊಂಡವ್ರೆ. ನೀನ್ಯಾಕೆ ಬಾಯಿ ಹಾಕ್ತೀಯ?" ಎಂದ.
ಸುಮ್ಮನಿದ್ದರೆ ಫಿಟ್ಟಿಂಗ್ ನನ್ನದೇ.

ಮಾರ್ಚ್ 13
ಎರಡು ದಿನ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಲ್ಲ.
ಬೆಳಿಗ್ಗೆ ಹೋಗಿ ಸುಪ್ರಿಯಾಳ ಎದುರೇ ಹೇಳಿದೆ. ಒರೆಸಿದ್ದಕ್ಕೆ ಹೀಗಾಗಿದ್ದಲ್ಲ, ಮೊದಲೇ ನೀರು ಹಾಕಿ ಕತ್ತರಿಸಿದವಳು ನಾನು. ಸುಪ್ರಿಯಾ ಬಟ್ಟೆ ಮಡಚುತ್ತಲೇ ಇದ್ದಳು.
"ಅವತ್ತೇ ಹೇಳಿದ್ರೆ ಮೂರು ದಿನ ಗಂಟಲಲ್ಲಿ ಮುದ್ದೆ ಇಳೀತಿತ್ತಲ್ಲವ್ವ" ಎಂದರು ಹನುಮಮ್ಮ.
ಅಂಗಡಿಗೆ ಬಂದು, ಹೇಳಿಬಿಟ್ಟೆ ಎಂದೆ.
ಮಾರುತೇಶಣ್ಣ ಮತ್ತೆ ಅಂಚು ಹೊಲಿಯಲು ಕೂರಿಸಿದ. ಹನುಮಮ್ಮನ ಮನೆಯದು ಮಾತ್ರ ನೀನೇ ಸರಿ ಮಾಡು, ನೀನು ಕೆಡಿಸಿದ್ದನ್ನು ಬೇರೆಯವರು ಯಾಕೆ ಮುಗಿಸಬೇಕು ಎಂದ.

ಮಾರ್ಚ್ 15, ಮಧ್ಯಾಹ್ನ 3
ಹೊಸ ಸುರುಳಿ ನಿನ್ನೆ ಬೆಳಿಗ್ಗೆಯಿಂದ ಹನುಮಮ್ಮನ ಕೋಣೆಯಲ್ಲಿ ಬಿಚ್ಚಿ ಬಿದ್ದಿದೆ. ಹೆಚ್ಚಾದ ಅಂಚು ಗೋಡೆ ಹತ್ತಿ ನಿಂತಿದೆ. ಈಗಲೇ ಕತ್ತರಿಸಲು ಕೈ ತುಡಿಯುತ್ತಿದೆ. ಮೂರು ಸಲ ಹೋಗಿ ನೋಡಿದೆ. ಮೂರನೇ ಸಲ ಸುಪ್ರಿಯಾ ನನ್ನ ಕತ್ತರಿ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು.
"ಕುಂತ್ಕ ಬಾರವ್ವ" ಎಂದರು ಹನುಮಮ್ಮ, ಮಂಚದ ಮೇಲಿಂದ. "ಅದೆಲ್ಲಿಗೂ ಓಡೋಗಲ್ಲ. ನೀನು ಓಡೋಗ್ಬೇಡ."
ಕೂತೆ. ಇಲ್ಲೇ ಕೂತು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆಗೆ ಎರಡು ದಿನ ತುಂಬುತ್ತದೆ; ಬೀಗದ ಕೈ ಕೇಳಿ, ಮೊದಲು ಕಿಟಕಿ ಕಡೆಯಿಂದ ಕತ್ತರಿಸುತ್ತೇನೆ.