ಹತ್ತನೆಯ ಹೆಸರು

ಜೂನ್ 16, ಸೋಮವಾರ
ಇವತ್ತೂ ಅರ್ಧ ಗಂಟೆ ತಡ. ತಿಗನಾರೆ ತಿರುವಿನಲ್ಲಿ ಆನೆ, ಅದು ಪಕ್ಕಕ್ಕೆ ಹೋಗುವ ತನಕ ಬಸ್ಸು ಕದಲಲಿಲ್ಲ. ಸ್ಕೂಲು ಮುಟ್ಟುವಷ್ಟರಲ್ಲಿ ಮಕ್ಕಳು ಹುಣಸೆ ಬೀಜ ಹರಡಿಕೊಂಡು ಕೂತಿದ್ದವು. ಹತ್ತರ ಗುಂಪು ಮಾಡುವ ಚಟುವಟಿಕೆ. ರಾಚ ಎರಡು ಬೀಜ ಬಾಯಿಗೆ ಹಾಕಿಕೊಂಡು ಲೆಕ್ಕ ಕೆಡಿಸಿದ.
ಒಂದರಿಂದ ಮೂರನೇ ಕ್ಲಾಸಿನವರೆಗೆ ನನ್ನದು. ಗಡಿಯ ಈ ಕಡೆ, ತಮಿಳು ಸೀಮೆಯೊಳಗಿನ ಕನ್ನಡ ಸೆಕ್ಷನ್, ಎಲ್ಲ ಸೇರಿ ಹತ್ತು ಮಕ್ಕಳು. ತಮಿಳು ಸೆಕ್ಷನ್ ಎಚ್.ಎಂ. ಮುರುಗೇಶ್ ಸಾರ್ ಅವರದು. ಸಂಜೆ ಬೀಗ ಹಾಕುತ್ತಾ ಅಂದರು— "ಪ್ರಮೀಳಾ ಟೀಚರ್, ಹತ್ತು ಪೇರು ಇರೋ ತನಕ ನಿಮ್ಮ ಪೋಸ್ಟ್‌ಗೆ ಭಯ ಇಲ್ಲ. ಒಂಬತ್ತಾದ್ರೆ... ನನಗೂ ತೆರಿಯಲ್ಲ."

ಜೂನ್ 24, ಮಂಗಳವಾರ
ಎಲೆ ಅಂಟಿಸಿ ಹೆಸರು ಬರೆಯುವ ದಿನ. ಅಂಟು ಎಲೆಗಿಂತ ಲಂಗಕ್ಕೇ ಹೆಚ್ಚು. ಎರಡನೇ ಕ್ಲಾಸಿನ ಭಾಗ್ಯ ಮಾತ್ರ ಮೂಲೆಯಲ್ಲಿ ಕೂತು ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆದಿದ್ದಾಳೆ— "ಹೊನ್ನೆ ಮರ. ಕಡಿದರೆ ರಕ್ತ ಬರುತ್ತೆ."
ವಾಕ್ಯ ಬರೆಯುವುದನ್ನು ನಾನಿನ್ನೂ ಕಲಿಸೇ ಇಲ್ಲ. ಕತೆ ಕಾರ್ಡು ಕೊಟ್ಟೆ. ಎಲ್ಲೂ ತಡವರಿಸದೆ ಓದಿ ಮುಗಿಸಿ ಇನ್ನೊಂದು ಕೇಳಿದಳು. ಖುಷಿಗೆ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ಜುಲೈ 8, ಮಂಗಳವಾರ
ಭಾಗ್ಯಳ ತಾಯಿ ಚಿಕ್ಕತಾಯಮ್ಮ ಬಂದಿದ್ದಳು. ಚೆಂಡುಹೂವಿನ ಹೊಲದಲ್ಲಿ ಕೂಲಿ. ಬಾಗಿಲ ಹೊರಗೇ ನಿಂತು ಮಾತಾಡಿದಳು.
"ಭಾಗ್ಯುನ್ನ ತಮಿಳ್ ಸೆಕ್ಸನ್‌ಗೆ ಆಕ್ಬುಡಿ ಟೀಚರಮ್ಮ."
"ಯಾಕೆ? ಚೆನ್ನಾಗಿ ಕಲೀತಿದ್ದಾಳಲ್ಲ."
"ಅವ್ವುನ್ನ ಕರ್ಕಂಡು ಬೆಟ್ಟದ್ ಕೆಳಗಿನ ಆಸ್ಪತ್ರೆಗೆ ಓಗಿದ್ದೆ ಕಣಿ. ಎಲ್ಲಾ ತಮಿಳ್ನಲ್ಲೇ, ಯಾವ್ ಬಾಗ್ಲು ಮೇಲೆ ಏನ್ ಬರದವ್ರೋ, ಒಂದೂ ಗೊತ್ತಾಗ್ನಿಲ್ಲ. ಮದ್ಯಾನಗಂಟ ಬ್ಯಾರೆ ಬಾಗ್ಲಲ್ಲೇ ಕುಂತಿದ್ದೊ. ನನ್ ಮಗ್ಳು ಅಂಗ್ ಕೂರ್ಬಾರ್ದು."
ಶುಕ್ರವಾರ ಬನ್ನಿ ಅಂದೆ.

ಜುಲೈ 9
ಅವಳು ಹೇಳಿದ್ದು ಸರಿ. ಆದರೆ ಮನೆಮಾತಿನಲ್ಲಿ ಕಲಿತರೆ ಬೇರು ಗಟ್ಟಿ ಅಂತ ಟ್ರೈನಿಂಗಿನಲ್ಲಿ ನಾನೇ ಎದ್ದು ನಿಂತು ಹೇಳಿದ್ದೆ. ಅದೂ ಸರಿ. ತಮಿಳೂ ನಾವು ವಾರಕ್ಕಿಷ್ಟು ಅಂತ ಕಲಿಸುತ್ತೇವಲ್ಲ... ಸಾಲುತ್ತದೆಯೇ?
ಇಷ್ಟೆಲ್ಲ ಯೋಚಿಸುತ್ತಿರುವುದು ಭಾಗ್ಯಳಿಗಾಗಿಯೋ, ಒಂಬತ್ತು ಅನ್ನುವ ಸಂಖ್ಯೆಗಾಗಿಯೋ? ಬಿಡಿಸಿ ನೋಡಲು ಆಗುತ್ತಿಲ್ಲ.

ಜುಲೈ 11, ಶುಕ್ರವಾರ
ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.
ಫೋನಿನ ಆ್ಯಪ್‌ನಲ್ಲಿ ಮಕ್ಕಳನ್ನು ಮೂರು ಹಂತದಲ್ಲಿ ಗುರುತಿಸಬೇಕು— ಅರುಂಬು, ಮೊಟ್ಟು, ಮಲರ್. ಅಕ್ಷರ ಬಾರದವರು ಅರುಂಬು. ಓದಬಲ್ಲವರು ಮಲರ್. ಬೆಳಿಗ್ಗೆ ಎಲ್ಲರದೂ ತುಂಬಿದೆ. ಭಾಗ್ಯಳ ಹೆಸರಿನ ಮುಂದೆ ಬೆರಳು ನಿಂತಿತು. ಅರುಂಬು ಒತ್ತಿದೆ.
ಮಧ್ಯಾಹ್ನ ಚಿಕ್ಕತಾಯಮ್ಮ ಬಂದಾಗ ಫೋನು ತೋರಿಸಿದೆ. "ನೋಡಿ, ಇವಳಿಗಿನ್ನೂ ಕನ್ನಡ ಅಕ್ಷರವೇ ಪೂರ್ತಿ ಬಂದಿಲ್ಲ. ಈಗ ತಮಿಳಿಗೆ ಹಾಕಿದರೆ ಎರಡೂ ಇಲ್ಲದಂತಾಗುತ್ತೆ."
ಭಾಗ್ಯ ತಾಯಿಯ ಸೆರಗು ಹಿಡಿದು ಅಲ್ಲೇ ಇದ್ದಳು. ನನ್ನ ಮುಖವನ್ನೇ ನೋಡಿದಳು. ಅಳಲಿಲ್ಲ. ಎಲ್ಲಿ ತಪ್ಪಾಯಿತು ಅಂತ ಹುಡುಕುವ ಹಾಗೆ ನೋಡಿದಳು.
"ಊಟದ್ ತಟ್ಟೆ ತೊಳ್ಯಕ್ಕೇನಾ ನೀ ಸ್ಕೂಲ್ಗೆ ಬತ್ತಿದ್ದುದು?" ಅಂತ ತಾಯಿ ಅವಳ ತಲೆಗೊಂದು ಮೊಟಕಿದಳು. ಹೋದರು.
ಹತ್ತೇ ಉಳಿಯಿತು.

ಜುಲೈ 15, ಮಂಗಳವಾರ
ಭಾಗ್ಯಳಿಗೆ ಕಾರ್ಡು ಕೊಟ್ಟೆ. ತಗೊಳ್ಳಲಿಲ್ಲ.
"ನಂಗ್ ಬರಕಿಲ್ಲ ಟೀಚರ್."
"ಬರುತ್ತೆ ಕಣಮ್ಮ, ಓದು."
"ಬರಕಿಲ್ಲ ಅಂತ ನೀವೇ ಏಳಿದ್ರಲ್ಲ."
ಜಗಳದ ದನಿ ಅಲ್ಲ. ನಿಜವಾಗಿಯೇ ನಂಬಿದ್ದಾಳೆ. ಟೀಚರ್ ಅಂದಮೇಲೆ ಹಾಗೇ ಇರಬೇಕು ಅಂತ.

ಜುಲೈ 28
ಒಂದು ವಾರದಿಂದ ಭಾಗ್ಯ ಇಲ್ಲ. ಜ್ವರವಿರಬಹುದು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭ. ರಾಚನನ್ನು ಕೇಳಿದೆ. "ಅವ್ಳು ಊ ಕೀಳಕ್ ಓಯ್ತಾಳೆ ಟೀಚರ್. ಓದಕ್ ಬರಾಕಿಲ್ವಲ್ಲ, ಅದ್ಕೆ."
ಮುರುಗೇಶ್ ಸಾರ್ ಬಳಿ ಎಲ್ಲ ಹೇಳಿಬಿಡಲೇ? ಹೇಳಿದರೆ ಏನು? ಹೇಳದಿದ್ದರೆ? ಕಾಗದದ ಬೊಂಬೆ ಮಾಡಿಸಿದೆ. ಹತ್ತು ಹಾಳೆ ಕತ್ತರಿಸಿದ್ದೆ. ಒಂದು ಉಳಿಯಿತು.

ಆಗಸ್ಟ್ 6, ಬುಧವಾರ
ಸ್ಕೂಲು ಬಿಟ್ಟಕೂಡಲೇ ಹೊಲಕ್ಕೇ ನಡೆದೆ. ಹಳದಿ ಅಂದರೆ ಕಣ್ಣು ಕುಕ್ಕುವಷ್ಟು ಹಳದಿ. ಭಾಗ್ಯ ಗಿಡಗಳ ನಡುವೆ ಕತ್ತಿನ ತನಕ ಮುಳುಗಿದ್ದಳು. ಬೆರಳ ತುದಿ ಕಪ್ಪು.
ಚಿಕ್ಕತಾಯಮ್ಮನಿಗೆ ನೇರವಾಗಿ ಹೇಳಿದೆ. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. "ನಾನು ಅವತ್ತು ಸುಳ್ಳು ಹೇಳಿದೆ. ಭಾಗ್ಯಳಿಗೆ ಓದಲು ಬರುತ್ತೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ."
"ಮತ್ಯಾಕ್ ಅಂಗಂದ್ರಿ?"
"ಒಂದು ಮಗು ಕಮ್ಮಿಯಾದರೆ ನನ್ನ ಕೆಲಸ ಹೋಗಬಹುದು ಅಂತ."
ಮಡಿಲಲ್ಲಿದ್ದ ಹೂವನ್ನೆಲ್ಲ ಚೀಲಕ್ಕೆ ಸುರಿದಳು. ಬೈಯಲಿ ಅಂತ ಕಾದೆ. ಬೈಯಲಿಲ್ಲ. ಹೊಲದ ಬದುವಿನಲ್ಲಿ ಬಿದ್ದಿದ್ದ ಗೊಬ್ಬರದ ಚೀಲ ಎತ್ತಿಕೊಂಡು ಬಂದು ಮಗಳ ಮುಂದೆ ಹರಡಿದಳು. ಗಡಿಯಾಚೆಯ ಅಂಗಡಿಯದು, ಮೇಲೆ ಕನ್ನಡ.
"ಓದು ಮಗ."
ಭಾಗ್ಯ ಚೀಲ ನೋಡಲಿಲ್ಲ. ನನ್ನನ್ನು ನೋಡಿದಳು.
"ಓದ್ಲಾ ಟೀಚರ್? ನಂಗ್ ಬತ್ತದಾ?"
ಬರುತ್ತೆ ಅಂದೆ.
ಓದಿದಳು. "ಒಣಗಿದ... ಜಾಗದಲ್ಲಿ... ಇಡಿ. ಮಕ್ಕಳಿಂದ ದೂರವಿಡಿ." ಆಮೇಲೆ ಕೇಳದಿದ್ದರೂ ತೂಕ, ಊರು, ಎಲ್ಲ. ಚಿಕ್ಕತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.
ಹೊರಟಾಗ ಹಿಂದಿನಿಂದ ಅಂದಳು— "ಕೆಲ್ಸ ಓಯ್ತದೆ ಅನ್ನೋ ದಿಗ್ಲು ನಂಗೂ ಗೊತ್ತು ಕಣಿ. ನಂಗ್ ಏಳಿದ್ದು ಇರ್ಲಿ. ಅವ್ಳ್ ಮುಂದೆ ಅನ್ಬಾರ್ದಿತ್ತು ನೀವು."

ಆಗಸ್ಟ್ 7
ಭಾಗ್ಯ ಬಂದಳು. ಆ್ಯಪ್ ತಿದ್ದಿದೆ. ಮುರುಗೇಶ್ ಸಾರ್‌ಗೂ ಹೇಳಿದೆ. ತುಂಬಾ ಹೊತ್ತು ಕನ್ನಡಕ ಒರೆಸಿದರು. "ಯಾಕಮ್ಮ ಇಪ್ಪಡಿ ಮಾಡಿದೆ?" ಅಂದರು. ಇದುವರೆಗೆ ನನ್ನನ್ನು ಅಮ್ಮ ಅಂದವರಲ್ಲ. ಬೈದದ್ದೋ, ಸಮಾಧಾನ ಮಾಡಿದ್ದೋ...

ಸೆಪ್ಟೆಂಬರ್ 25, ಗುರುವಾರ
ಕ್ವಾರ್ಟರ್ಲಿ ಪರೀಕ್ಷೆ ಇವತ್ತಿಗೆ ಮುಗಿಯಿತು. ಭಾಗ್ಯ ಮೊದಲು. ಚಿಕ್ಕತಾಯಮ್ಮ ಬಂದು ಮಾರ್ಕು ಕೇಳಿದಳು, ಕಣ್ಣರಳಿಸಿದಳು. ಇನ್ನು ಇಲ್ಲೇ ಬಿಡುತ್ತಾಳೆ ಅಂದುಕೊಂಡೆ.
"ಇಷ್ಟ್ ಬೇಗ ಕಲ್ತವ್ಳು ತಮಿಳೂ ಕಲ್ತಾಳು. ರಜ ಮುಗಿದ್ ಮ್ಯಾಲೆ ಆ ಕಡೀಕೆ ಕೂರ್ಸಿ."
ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಅವಳು ಹೆಬ್ಬೆಟ್ಟು ಒತ್ತಿದಳು. ನಾನು ಮಾಡಿದ್ದು ಸರಿಯೇ? ಭಾಗ್ಯಳನ್ನು ಯಾರೂ ಕೇಳಲಿಲ್ಲ. ನಾನೂ.

ಅಕ್ಟೋಬರ್ 6, ಸೋಮವಾರ
ಭಾಗ್ಯ ಬ್ಯಾಗು ಎತ್ತಿಕೊಂಡು ಆ ಕಡೆ ಹೋದಳು. ಆ ಕಡೆ ಅಂದರೆ ಎಷ್ಟು ದೂರ? ಒಂದೇ ಹಾಲು, ನಡುವೆ ಕಬ್ಬಿಣದ ಬೀರು. ಇಡೀ ದಿನ ಕಿವಿ ಅಲ್ಲೇ ಇತ್ತು. ಅವಳ ದನಿ ಒಮ್ಮೆಯೂ ಕೇಳಲಿಲ್ಲ.
ಪೋಸ್ಟಿನ ಬಗ್ಗೆ ಆಫೀಸಿನಿಂದ ಏನೂ ಬಂದಿಲ್ಲ. ಬರಬಹುದು. ಬರದೆಯೂ ಇರಬಹುದು.

ಅಕ್ಟೋಬರ್ 7, ಬೆಳಿಗ್ಗೆ 9.40
ಕ್ಲಾಸಿನಲ್ಲೇ ಬರೆಯುತ್ತಿದ್ದೇನೆ. ಮಕ್ಕಳು ಬಣ್ಣ ಹಚ್ಚುತ್ತಿವೆ.
ಹಾಜರಿ ಕರೆದೆ. ಒಂಬತ್ತು ಹೆಸರು ಮುಗಿದರೂ ಬಾಯಿ ನಿಲ್ಲಲಿಲ್ಲ. ಭಾಗ್ಯ ಅಂದುಬಿಟ್ಟೆ. ಬೀರುವಿನ ಆಚೆಯಿಂದ, ತಮಿಳು ಪಾಠದ ನಡುವಿನಿಂದ, ಜೋರಾಗಿ—
"ಇವ್ನಿ ಟೀಚರ್!"
ಎರಡೂ ಕಡೆ ನಗು. ಮುರುಗೇಶ್ ಸಾರ್ ಕೂಡ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಅವಳ ಸಾಲಿನಲ್ಲಿ ಇವತ್ತಿನ ಚೌಕ ಖಾಲಿ. ಏನು ತುಂಬಲಿ? ಇದ್ದಾಳೆ ಅಂತಲೋ, ಇಲ್ಲ ಅಂತಲೋ... ಪೆನ್ನು ಅಲ್ಲೇ ನಿಂತಿದೆ.
ಬೀರುವಿನ ಪಕ್ಕದಿಂದ ತಲೆಯೊಂದು ಇಣುಕುತ್ತಿದೆ. ಕೈಯಲ್ಲಿ ತಮಿಳು ಪುಸ್ತಕ, ಒಂದು ಅಕ್ಷರದ ಮೇಲೆ ಬೆರಳು. "ಟೀಚರ್, ಸಾರು ಕೇಳ್ಕಂಡ್ ಬಾ ಅಂದ್ರು. ಇದು ನಮ್ ಯಾವ್ ಅಕ್ಸರ?"
ಬಾ ಅಂದೆ. ಚಾಪೆಯ ಮೇಲೆ ಜಾಗ ಬಿಟ್ಟುಕೊಡು ಅಂತ ರಾಚನಿಗೆ ಹೇಳಿ—