ಮೂರೂಮುಕ್ಕಾಲು ಅಡಿಯವರಿಗೂ ಊರು ಕಾಣಲಿ

ಗುಡ್ಡದ ಮೇಲಿನ ‘ನಗರ ದರ್ಶನ’ ವೀಕ್ಷಣಾ ಕಟ್ಟೆಯ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಕಟ್ಟಿಸಿದ ವೀಕ್ಷಣಾ ಕಟ್ಟೆಯಿಂದ ನನ್ನ ಆರು ವರ್ಷದ ಮಗಳು ಸಂಪದಾಗೆ ಕಂಡದ್ದು ಸಿಮೆಂಟು. ಬರೀ ಸಿಮೆಂಟು. ಹಾನಗಲ್ಲ, ಸವಣೂರು, ಅಷ್ಟು ದೂರದ ಹಿರೇಕೆರೂರಿನಿಂದಲೂ ಜನ ಟೆಂಪೋ ಮಾಡಿಕೊಂಡು ಬಂದು ನೋಡಿಹೋಗುವ ನಮ್ಮೂರನ್ನು, ಈ ಊರಲ್ಲೇ ಹುಟ್ಟಿದ ಹುಡುಗಿ ಮಾತ್ರ ನೋಡಲಿಲ್ಲ. ತಮ್ಮ ಸುತ್ತುಗೋಡೆ ನಾಲ್ಕು ಅಡಿ ಎಂಟು ಇಂಚು. ನನ್ನ ಮಗಳು ಮೂರು ಅಡಿ ಒಂಬತ್ತು ಇಂಚು. ಇದು ಅಂದಾಜಿನ ಮಾತಲ್ಲ. ನಾನು ದರ್ಜಿ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಎರಡನ್ನೂ ಟೇಪು ಹಿಡಿದು ಅಳೆದಿದ್ದೇನೆ.

ಮೊದಲು ನಾಲ್ಕು ಒಳ್ಳೆಯ ಮಾತು ಆಡಿಬಿಡುತ್ತೇನೆ, ಇಲ್ಲದಿದ್ದರೆ ತಾವು ಮುಂದೆ ಓದಲಿಕ್ಕಿಲ್ಲ. ಮೆಟ್ಟಿಲು ಚೆನ್ನಾಗಿವೆ. ಕುಡಿಯುವ ನೀರಿನ ನಲ್ಲಿಯಲ್ಲಿ ನೀರು ಬರುತ್ತದೆ, ಇದಕ್ಕೆ ತಮಗೆ ಒಂದು ಶಾಲು ಹೊದಿಸಬೇಕು. ಸೆಲ್ಫಿ ಪಾಯಿಂಟಿನ ಕಮಾನಂತೂ ಬಹಳ ಜನಪ್ರಿಯ. ಅಲ್ಲಿ ನಿಲ್ಲುವ ದೊಡ್ಡವರೆಲ್ಲ ಊರಿಗೆ ಬೆನ್ನು ತಿರುಗಿಸಿ ಮೊಬೈಲಿನಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಾರೆ. ನೋಡಬಲ್ಲವರು ನೋಡುವುದಿಲ್ಲ, ನೋಡಬೇಕೆಂದು ಜೀವ ಬಿಡುವವರಿಗೆ ಗೋಡೆ ಅಡ್ಡ. ಇಂಥ ವ್ಯವಸ್ಥೆ ತಾನಾಗಿಯೇ ಆಗುವುದಿಲ್ಲ, ಅದಕ್ಕೆ ಯಾರೋ ಕುಳಿತು ಯೋಚನೆ ಮಾಡಿರಲೇಬೇಕು. ಬಾಗಿಲಲ್ಲೇ ಫಲಕವಿದೆ: ‘ಹತ್ತು ವರ್ಷದೊಳಗಿನ ಮಕ್ಕಳಿಗೆ ಉಚಿತ ಪ್ರವೇಶ’. ತಮ್ಮ ಪ್ರಾಮಾಣಿಕತೆ ಮೆಚ್ಚಬೇಕಾದದ್ದೇ. ಏನೂ ಕಾಣದವರಿಂದ ದುಡ್ಡು ಇಸಿದುಕೊಳ್ಳುವುದು ತಮ್ಮ ಮನಸ್ಸಿಗೆ ಬಂದಿಲ್ಲ.

ಇನ್ನು ನಡೆದದ್ದನ್ನು ಹೇಳುತ್ತೇನೆ. ಹೋದ ತಿಂಗಳು ಒಂದು ಭಾನುವಾರ ಮಗಳನ್ನು ಗುಡ್ಡಕ್ಕೆ ಕರೆದೊಯ್ಯುವುದೆಂದಾಯಿತು. ಮನೆಯಲ್ಲಿ ನನ್ನ ಅತ್ತೆ ಶಿವಬಸವ್ವ ಇದ್ದಾರೆ, ಮಗಳ ಬಾಯಲ್ಲಿ ‘ಆಯಿ’. ಎಪ್ಪತ್ತೆಂಟು ವರ್ಷ, ಎರಡೂ ಮೊಣಕಾಲು ನೋವು. ನನ್ನ ಅಂಗಡಿಯ ಚೂರುಪಾರು ಬಟ್ಟೆಯನ್ನೆಲ್ಲ ಸೇರಿಸಿ ಕೌದಿ ಹೊಲಿಯುವುದು ಅವರ ಕೆಲಸ. ಗುಡ್ಡ ಹತ್ತುವುದು ಅವರಿಂದ ಆಗದು. ಹಿಂದಿನ ದಿನವೇ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಒಪ್ಪಂದ ಮಾಡಿಕೊಂಡರು.

“ನಾ ಅಂತೂ ಅಲ್ಲಿಗೆ ಬರಂಗಿಲ್ಲವಾ. ನೀ ಮ್ಯಾಲೆ ಹೋಗಿ ನಿಲ್ಲು, ನಾ ಮಾಳಿಗಿ ಏರಿ ಕೆಂಪು ಕೌದಿ ಬೀಸತೇನಿ. ನಾ ಕಂಡ್ರ ನೀನೂ ಕೈ ಮಾಡು.”

“ಖರೇನ ಮಾಳಿಗಿ ಏರತಿ ಆಯಿ?”

“ನಿನ್ನ ಸಲುವಾಗಿ ಏರತೇನಿ.”

ಆ ಮುದುಕಿ ಮಾಳಿಗೆ ಹತ್ತಿ ಎರಡು ವರ್ಷವಾಗಿತ್ತು. ಇದನ್ನು ತಾವು ದಯಮಾಡಿ ಕಡತದಲ್ಲಿ ಬರೆಸಿಕೊಳ್ಳಬೇಕು.

ನಾವು ಮೇಲೆ ತಲುಪಿದಾಗ ಬೆಳಗಿನ ಹತ್ತು ಗಂಟೆ. ನಾನು ಗೋಡೆಯಾಚೆ ನೋಡಿದರೆ, ಅಯ್ಯೋ ಶಿವನೇ, ನಮ್ಮ ಓಣಿಯ ಮಾಳಿಗೆಗಳ ಮೇಲೆಲ್ಲ ಕೌದಿ! ನಮ್ಮ ಓಣಿಯ ರೀತಿಯೇ ಹಾಗೆ. ಒಬ್ಬಾಕೆ ಕೌದಿ ಬಿಸಿಲಿಗೆ ಹಾಕಿದಳೆಂದರೆ ಉಳಿದವರು ‘ಓಹೋ, ಇವತ್ತು ಕೌದಿಯ ದಿನ’ ಎಂದು ತಮ್ಮ ಮನೆಯವನ್ನೂ ಹೊತ್ತು ತರುತ್ತಾರೆ. ಯಾಕೆ ಎಂದು ಕೇಳುವ ಪದ್ಧತಿ ಇಲ್ಲ. ಹನ್ನೆರಡು ಮಾಳಿಗೆಗಳಲ್ಲಿ ನಮ್ಮದನ್ನು ಹುಡುಕಲು ನಾನು ಫೋನು ಹಚ್ಚಿದೆ.

“ಅತ್ತಿ, ಬೀಸ್ರಿ!”

“ಆಗಲೇ ಬೀಸಾಕತ್ತೇನಿ. ಕೂಸಿಗೆ ಕಾಣಾಕತ್ತೈತೇನು ಕೇಳು.”

ಆಗ ಕಂಡರು. ಬೀಸುತ್ತಿದ್ದುದು ಹಸಿರು ಕೌದಿ. ಕೆಂಪಿನದು ಟ್ರಂಕಿನ ತಳದಲ್ಲಿ ಸಿಕ್ಕಿಕೊಂಡಿತ್ತಂತೆ. ಒಂದು ಕೈ ಮಾಳಿಗೆಯ ಕಂಬಿಗೆ, ಒಂದು ಕೈಯಲ್ಲಿ ಕೌದಿ. ಫೋನು ಯಾವ ಕೈಯಲ್ಲಿ ಹಿಡಿದಿದ್ದರೋ ದೇವರೇ ಬಲ್ಲ. ಕೆಳಗೆ ನೋಡಿದರೆ ಮಗಳು ತುದಿಗಾಲಲ್ಲಿ ನಿಂತು, ಎರಡೂ ಅಂಗೈ ಗೋಡೆಗೆ ಒತ್ತಿ, ಸಿಮೆಂಟಿಗೆ ಮೂಗು ಹಚ್ಚಿಕೊಂಡು, “ಎಲ್ಲೆದಾಳವ್ವಾ? ಎಲ್ಲೆದಾಳ?” ಅನ್ನುತ್ತಿದ್ದಳು.

ಎತ್ತಿಕೊಂಡೆ. ಎತ್ತಿ ಸೊಂಟಕ್ಕೆ ತರುವಷ್ಟರಲ್ಲಿ ಸೀಟಿ ಕೇಳಿಸಿತು. ಕಾವಲುಗಾರ ಗುತ್ತೆಪ್ಪ ಓಡಿ ಬಂದು ಫಲಕ ತೋರಿಸಿದ: ‘ಮಕ್ಕಳನ್ನು ಎತ್ತಿ ಹಿಡಿಯುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ’.

“ಅಕ್ಕಾರ, ಇಳಸ್ರಿ. ನನ್ನ ನೌಕರಿ ಹೊಕ್ಕೈತಿ.”

“ಒಂದ ನಿಮಿಷ ತಮ್ಮಾ. ಅವರ ಆಯಿ ಬಿಸಲಾಗ ನಿಂತಾರ.”

“ನನಗ ತಿಳೀತೈತ್ರಿ. ಬಕೀಟು ಬೋರಲ ಹಾಕಿ ಕೊಡತಿದ್ದೆ, ಆದ್ರ ಮ್ಯಾಲೆ ಕ್ಯಾಮೆರಾ ಐತಲ್ರಿ. ಸಾಹೇಬರು ಅಲ್ಲೆ ಕುಂತು ನೋಡತಾರ.”

ತಲೆ ಎತ್ತಿ ನೋಡಿದೆ. ಹೌದು, ಹತ್ತು ಅಡಿ ಎತ್ತರದ ಕಂಬದ ಮೇಲೆ ತಮ್ಮ ಕ್ಯಾಮೆರಾ ಇತ್ತು. ಅದಕ್ಕೆ ನಮ್ಮ ಊರು, ಓಣಿ, ಮಾಳಿಗೆ, ಕೌದಿ ಎಲ್ಲವೂ ಕಾಣುತ್ತಿದ್ದಿರಬೇಕು. ಅದರ ಎತ್ತರವನ್ನು ಎಷ್ಟು ಮುತುವರ್ಜಿಯಿಂದ ನಿಗದಿ ಮಾಡಿದ್ದೀರಿ! ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ, ತಾಯಿಯಾದ ನನಗೆ ಆ ಗೋಡೆಯಾಚೆಯ ಪ್ರಪಾತ ತಿಳಿಯದೆ? ಗುತ್ತೆಪ್ಪನ ಮೇಲೂ ಸಿಟ್ಟಿಲ್ಲ. ಆದರೆ ಮಗುವನ್ನು ಎತ್ತಬಾರದು ಎಂದು ಬರೆಸಿದ ಕೈಗೆ, ಎತ್ತದಿದ್ದರೆ ಅದು ನೋಡುವುದಾದರೂ ಹೇಗೆ ಎಂಬ ಪ್ರಶ್ನೆ ಹೊಳೆಯಲಿಲ್ಲವೇ? ಅಳತೆ ತೆಗೆದುಕೊಳ್ಳದೆ ಬಟ್ಟೆ ಕತ್ತರಿಸಿದರೆ ನನ್ನ ಗಿರಾಕಿಗಳು ಮುಖಕ್ಕೆ ಎಸೆದು ಹೋಗುತ್ತಾರೆ. ತಮಗೆ ಆ ಅನುಭವ ಇದ್ದಂತಿಲ್ಲ.

ಮಗಳನ್ನು ಇಳಿಸಿದೆ. ಅವಳು ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ತನಗೆ ಕಾಣದ ಆಯಿಗೆ ಕೈ ಬೀಸಿದಳು. ಬಹಳ ಹೊತ್ತು ಬೀಸಿದಳು. ಅತ್ತು ರಂಪ ಮಾಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮೊಮ್ಮಗಳನ್ನು ಕಂಡದ್ದೇ ಮುಖ ಅರಳಿತು.

“ಕಂಡ್ನೇನ ನನ್ನವ್ವ?”

“ಹೂಂ ಆಯಿ. ಕಂಡಿ.”

“ಕೌದಿ?”

“ಕೆಂಪು ಕೌದಿ. ಛಲೋ ಕಾಣತಿತ್ತು.”

ಅತ್ತೆಯವರ ಕೈ ಮೊಣಕಾಲಿನ ಮೇಲೆ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಮಗಳ ಗಲ್ಲ ಸವರಿ, “ಹೌದವಾ, ಕೆಂಪು ಕೌದಿನ. ನೀ ಕೈ ಮಾಡಿದ್ದೂ ಕಂಡೆ ನಾ” ಎಂದರು. ಅವರ ಎಡಗಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿಗೆ ಎದುರು ಮನೆಯವರ ಮುಖ ಗುರುತು ಹತ್ತುವುದೇ ಕಷ್ಟ. ನನ್ನ ಮನೆಯಲ್ಲಿ ಒಂದೇ ಮಧ್ಯಾಹ್ನ, ಒಬ್ಬರ ಮನಸ್ಸು ಒಬ್ಬರು ಕಾಯಲಿಕ್ಕೆ, ಆರು ವರ್ಷದವಳು ಒಂದು ಸುಳ್ಳು ಹೇಳಿದಳು, ಎಪ್ಪತ್ತೆಂಟು ವರ್ಷದವರು ಒಂದು ಸುಳ್ಳು ಹೇಳಿದರು. ನಾನು ಒಳಗೆ ಹೋಗಿ ಹಿಟ್ಟು ನಾದುತ್ತ ಅತ್ತುಬಿಟ್ಟೆ.

ಮರುದಿನವೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಸಭೆ ಮುಗಿದಾಗ ಊಟದಲ್ಲಿದ್ದಿರಿ. ಊಟ ಮುಗಿದಾಗ ಇರಲೇ ಇಲ್ಲ. ತಮ್ಮ ಗುಮಾಸ್ತರು ನನ್ನ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. “ಇದಕ್ಕ್ಯಾಕ ಅರ್ಜಿ ಅಕ್ಕಾರ? ಮಕ್ಕಳು ಹಂಗ ಸಣ್ಣವರ ಇರತಾರೇನ್ರಿ? ದೊಡ್ಡವರಾಗತಾರ, ಆಗ ತಾವ ನೋಡತಾರ.” ಇಷ್ಟು ವರ್ಷ ಸರ್ಕಾರಿ ಕಚೇರಿಗಳಿಗೆ ಓಡಾಡಿದ್ದೇನೆ, ಇಂಥ ಪರಿಹಾರ ಎಲ್ಲೂ ಸಿಕ್ಕಿರಲಿಲ್ಲ. ಖರ್ಚಿಲ್ಲ, ಟೆಂಡರಿಲ್ಲ. ಮಕ್ಕಳೇ ತಮ್ಮ ಪಾಡಿಗೆ ಕಾಮಗಾರಿ ಮುಗಿಸಿಕೊಳ್ಳುತ್ತಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಗೋಡೆ ಕೆಡವುವುದು ಬೇಡ. ಊರಿನ ದಿಕ್ಕಿಗೆ, ನೆಲದಿಂದ ಎರಡೂಮುಕ್ಕಾಲು ಅಡಿ ಎತ್ತರದಲ್ಲಿ, ಮೂರು ಕಿಂಡಿ ಕೊರೆಸಿ. ಒಂದೊಂದು ಕಿಂಡಿ ಒಂದು ಮೊಳ ಅಗಲ, ಒಂದು ಗೇಣು ಎತ್ತರ ಇದ್ದರೆ ಸಾಕು. ಮಗುವಿನ ತಲೆ ತೂರದಂತೆ ಕಬ್ಬಿಣದ ಸರಳು ಹಾಕಿಸಿ. ಅಳತೆ ತೆಗೆಯುವವರು ಸಿಗದಿದ್ದರೆ ಹೇಳಿ ಕಳಿಸಿ, ಅಂಗಡಿ ಮುಚ್ಚಿ ನಾನೇ ಬರುತ್ತೇನೆ. ಈ ತಿಂಗಳು ಮುಗಿಯುವುದರೊಳಗೆ ಆಗಬೇಕು. ಅವಸರವೇಕೆ ಎಂದು ಕೇಳಬಹುದು.

ಗುಮಾಸ್ತರ ಉತ್ತರವನ್ನು ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ನಗುತ್ತಲೇ ಹೇಳಿದ್ದೆ. ಮಗಳು ನಗಲಿಲ್ಲ. ಆ ಗೋಡೆಯಷ್ಟು ಎತ್ತರ ಆಗಲಿಕ್ಕೆ ತನಗೆ ಎಷ್ಟು ವರ್ಷ ಬೇಕು ಎಂದು ಕೇಳಿದಳು. ದರ್ಜಿಯ ಬಾಯಲ್ಲಿ ಅಳತೆ ತಪ್ಪಿ ಬರುವುದಿಲ್ಲ. ಆರು ವರ್ಷ ಎಂದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅಜ್ಜಿಯ ಕಡೆ ತಿರುಗಿದಳು.

“ಆಯಿ, ನಾ ದೊಡ್ಡಾಕಿ ಆಗೂತನಾ ನೀ ಮಾಳಿಗಿ ಏರತೀಯಲ್ಲ?”

ಅತ್ತೆ ಅವಳ ತಾಟಿಗೆ ಇನ್ನೊಂದಿಷ್ಟು ಬೆಣ್ಣೆ ಹಾಕಿದರು.

ಇಂತಿ,
ಆ ಪ್ರಶ್ನೆಗೆ ತಮ್ಮಿಂದ ಉತ್ತರ ಬಯಸುವ,
ಸಂಪದಾಳ ತಾಯಿ, ಶಿವಬಸವ್ವನವರ ಸೊಸೆ
ಶೀಲಾ