ಸಾಕ್ಷಿದಾರರ ಸಹಿ

ಭೋಸರಿ, ಪುಣೆ
೧೮ ನವೆಂಬರ್ ೨೦೦೪, ಗುರುವಾರ

ಪ್ರೀತಿಯ ಅಣ್ಣಾ,

ತಂಗಿ ಶಿವಬಸವ್ವನ ಶರಣು. ಬಾರಾಮತಿಯ ನೀರು ನಿನಗೆ ಒಗ್ಗಿತೇ? ಕಬ್ಬು ಅರೆಯುವುದು ಶುರುವಾದಾಗಿನಿಂದ ಪಾಳಿ ಹೆಚ್ಚಾಗಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲವೆಂದು ಅತ್ತಿಗೆ ಸಾಬವ್ವ ಅಂದಳು. ಎದೆಯುರಿ ಹೇಗಿದೆ? ಕೆಂಪು ಚಟ್ನಿ ಸ್ವಲ್ಪ ದಿನ ಬಿಡು. ಸಿಟ್ಟಿನಿಂದ ಬರೆಯಲು ಕೂತವಳು ಮೊದಲು ನಿನ್ನ ಎದೆಯುರಿ ಕೇಳುತ್ತಿದ್ದೇನೆ ನೋಡು, ಒಡಹುಟ್ಟಿದ ಕರ್ಮ! ಫೋನು ಮಾಡಬಹುದಿತ್ತು. ಆದರೆ ಆ ಕಡೆಯಿಂದ ನೀನು “ಏನಬೇ ತಂಗಿ” ಅಂದರೆ ಸಾಕು, ನನ್ನ ಸಿಟ್ಟೆಲ್ಲ ಇಳಿದುಬಿಡುತ್ತದೆ. ಈ ಸಲ ಇಳಿಯಬಾರದು, ಅದಕ್ಕೇ ಕಾಗದ.

ನಾನು ಆರಾಮಾಗಿದ್ದೇನೆ. ದೊಡ್ಡ ದವಾಖಾನೆಯಲ್ಲಿ ಆರು ತಿಂಗಳಿಗೊಮ್ಮೆ ರಕ್ತ ನೋಡುತ್ತಾರೆ, ಗುಳಿಗೆ ಶುರು ಮಾಡುವ ಕಾಲ ಇನ್ನೂ ಬಂದಿಲ್ಲವಂತೆ. ಡಬ್ಬಿ ಕಟ್ಟುವ ಕೆಲಸಕ್ಕೆ ಒಂದು ದಿನವೂ ತಪ್ಪಿಸಿಲ್ಲ. ಇಷ್ಟು ಗಟ್ಟಿ ಇದ್ದವಳಿಗೆ ಮೂರು ವರ್ಷದ ಮಗನನ್ನು ಸಾಕಲು ಬರುವುದಿಲ್ಲವೆಂದು ಅತ್ತೆ ಮರೆಮ್ಮ ಊರಲ್ಲೇ ಇಟ್ಟುಕೊಂಡಿದ್ದಾಳೆ. ಪ್ರೇಮಕುಮಾರನ ರಕ್ತದಲ್ಲಿ ಏನೂ ಇಲ್ಲವೆಂದು ಡಾಕ್ಟರು ಎರಡು ಸಲ ನೋಡಿ ಹೇಳಿದರೂ ಆಕೆಗೆ ನನ್ನ ಕೈಯ ಅನ್ನದ ಭಯ. ಅದು ನಿನಗೆ ಗೊತ್ತಿದ್ದ ಸಂಗತಿಯೇ.

ದೀಪಾವಳಿಗೆ ಮುಂಚೆ ಖೋಲಿಗೆ ಸುಣ್ಣ ಹಚ್ಚಲು ಸಾಮಾನು ಹೊರಗಿಟ್ಟೆ. ನಮ್ಮ ಮನೆಯವರು ಹೋಗಿ ಒಂದೂವರೆ ವರ್ಷವಾದರೂ ಅವರ ತಗಡಿನ ಪೆಟ್ಟಿಗೆ ತೆಗೆಯಲು ನನಗೆ ಧೈರ್ಯವಾಗಿರಲಿಲ್ಲ. ತೆಗೆದರೆ ತಳಕ್ಕೆ ಹಾಸಿದ ಪೇಪರಿನ ಕೆಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಪಿನ್ನು ಹೊಡೆದ ನಾಲ್ಕು ಹಾಳೆ. ಮರಾಠಿಯಲ್ಲಿತ್ತು. ಬಸ್ಸಿನ ಬೋರ್ಡು ಓದಿ ಓದಿ ಕಲಿತ ಅಕ್ಷರ ನನ್ನದು, ಒಂದೊಂದೇ ಸಾಲಿಗೆ ಬೆರಳಿಟ್ಟುಕೊಂಡು ಓದಿದೆ. ಏಚ್.ಐ.ವಿ. ಇದ್ದವರಿಗೆ ಟಿ.ಬಿ. ಬರದ ಹಾಗೆ ಮೊದಲೇ ಗುಳಿಗೆ ಕೊಟ್ಟು ನೋಡುವ ಸಂಶೋಧನೆಯಂತೆ. ಅದಕ್ಕೆ ಸೇರುವವರ ಒಪ್ಪಿಗೆ ಪತ್ರ, ಅವರ ಕೈಗೇ ಕೊಟ್ಟ ಪ್ರತಿ. ಗುಳಿಗೆಯಿಂದ ಏಚ್.ಐ.ವಿ. ವಾಸಿಯಾಗುವುದಿಲ್ಲ, ಸಂಗಾತಿಗೆ ತಿಳಿಸಬೇಕು, ಎಂದೆಲ್ಲ ಬರೆದಿತ್ತು. ಕೊನೆಯ ಹಾಳೆಯಲ್ಲಿ ತಾಯಪ್ಪ ಎಂದು ನಮ್ಮ ಮನೆಯವರ ಹೆಸರು, ಅವರ ಹೆಬ್ಬೆಟ್ಟು, ೧೯೯೯ರ ಫೆಬ್ರುವರಿ ಒಂಬತ್ತು.

ಹೆಬ್ಬೆಟ್ಟಿನವರಿಗೆ ಓದುಬರಹ ಬಲ್ಲ ಒಬ್ಬರು ಸಾಕ್ಷಿ ಬೇಕಂತೆ. ‘ಈ ಪತ್ರವನ್ನು ಪೂರ್ತಿ ಓದಿ ಹೇಳಿದ್ದನ್ನು ನಾನು ಕೇಳಿದ್ದೇನೆ, ತಿಳಿದು ಒಪ್ಪಿದ್ದಾರೆ’ ಎಂಬ ಸಾಲಿನ ಕೆಳಗೆ ಕನ್ನಡದಲ್ಲಿ ಒಂದು ಸಹಿ. ನನ್ನ ಶಾಲೆಯ ಪ್ರಗತಿ ಪುಸ್ತಕಕ್ಕೆ ಅಪ್ಪನ ಬದಲು ನೀನೇ ಹಾಕುತ್ತಿದ್ದ ಸಹಿ. ಹೊಳಬಸಪ್ಪ. ಸಂಬಂಧ: ಗೆಳೆಯ. ಅದಾಗಿ ಹದಿನೈದು ತಿಂಗಳಿಗೆ ಆ ಗೆಳೆಯನಿಗೆ ನನ್ನನ್ನು ಧಾರೆ ಎರೆದು ಕೊಟ್ಟೆಯಲ್ಲ, ಅಣ್ಣಾ.

ನಾನು ಒಂದು ತಾಸು ಹೊಸ್ತಿಲಲ್ಲೇ ಕೂತಿದ್ದೆ. ಬೇರೆ ಯಾರಾದರೂ ಹೊಳಬಸಪ್ಪ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಒಂದೊಂದೇ ನೆನಪಾಯಿತು. ಸಂಬಂಧ ಮಾತಾಡುವಾಗ ಅವ್ವ ಹುಡುಗನ ತಬ್ಯೇತ ಕೇಳಿದ್ದಳು. ನೀನು ನಗುತ್ತ ಅಂದಿದ್ದೆ: “ತಿಂಗಳಿಗೊಮ್ಮೆ ದೊಡ್ಡ ಡಾಕ್ಟರು ಅವನ ಮೈ ನೋಡ್ತಾರವ್ವಾ. ಅವನಷ್ಟು ತಪಾಸಣಿ ಆದ ಗಂಡು ಭೋಸರಿಯಾಗ ಇನ್ನೊಬ್ಬ ಇಲ್ಲ.” ಅವರ ಫ್ಯಾಕ್ಟರಿಯವರೆಲ್ಲ ಅವರನ್ನು ದವಾಖಾನೆ ಅಳಿಯ ಎಂದು ಕರೆಯುತ್ತಿದ್ದರು, ನಾವೂ ನಕ್ಕಿದ್ದೆವು. ಕಂಪನಿಯ ತಪಾಸಣೆ ಎಂದೇ ನಾನು ತಿಳಿದಿದ್ದೆ. ಪುಕ್ಕಟೆ ಗುಳಿಗೆ, ತೂಕವೂ ಏರಿದೆ, ಇನ್ನು ಗುಣವಾದಂತೆಯೇ ಎಂದು ನೀನು ನಂಬಿರಬೇಕು. ನಿನ್ನ ಪರವಾಗಿ ನಾನೇ ಈ ವಾದ ಹೂಡಿ ನೋಡಿದೆ. ಆದರೆ ನಾಲ್ಕು ಹಾಳೆ ಕೇಳಿ ಸಹಿ ಹಾಕಿದವನು ನೀನು, ವಾದ ನಿಲ್ಲುವುದಿಲ್ಲ.

ಮದುವೆಯಾದ ಮೇಲೆ ಅವರು ದವಾಖಾನೆಗೆ ಹೋಗುವುದನ್ನೇ ಬಿಟ್ಟರು, ನನಗೆ ತಿಳಿಯುತ್ತದೆಂಬ ಅಂಜಿಕೆಗೆ. ಒಂದು ದಿನ ಸ್ಕೂಟಿಯ ಮೇಲೆ ಒಬ್ಬ ಹೆಂಗಸು ಅವರನ್ನು ಹುಡುಕಿಕೊಂಡು ನಮ್ಮ ವಠಾರಕ್ಕೆ ಬಂದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಆಗ ಇನ್ನೂ ಭೋಸರಿಯಲ್ಲೇ ಇದ್ದ ನೀನು ಬಾಗಿಲಲ್ಲಿ ಅಡ್ಡ ನಿಂತು, ಊರಿಗೆ ಹೋಗಿಬಿಟ್ಟ, ಇನ್ನು ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಕಳಿಸಿದೆ. ನನಗೆ ವಿಮೆಯವಳು ಅಂದೆ. ಅವರು ಟಿ.ಬಿ. ಬಂದು ಹಾಸಿಗೆ ಹಿಡಿದಾಗ ದವಾಖಾನೆಯಲ್ಲಿ ನನ್ನನ್ನು ಕೂರಿಸಿಕೊಂಡು ಸಮಾಧಾನ ಹೇಳಿದ ಸಂಶೋಧನೆಯ ಕಡೆಯ ಸೋನಾಲಿ ಅಕ್ಕನೇ ಆ ಹೆಂಗಸು. ಇನ್ನೊಬ್ಬರ ಕಾಯಿಲೆ ಬಾಯಿಬಿಟ್ಟು ಹೇಳುವಂತಿಲ್ಲವೆಂದು ಆಕೆಗೆ ಕಟ್ಟಳೆ ಇತ್ತು. ನಿನಗೆ ಯಾವ ಕಟ್ಟಳೆ ಇತ್ತು? ಅಂದು ನೀನು ಬಾಗಿಲು ಬಿಟ್ಟಿದ್ದರೆ ಅವರೂ ಇನ್ನೊಂದಷ್ಟು ವರ್ಷ ಬದುಕುತ್ತಿದ್ದರೇನೋ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ಹೆಣ್ಣುಜೀವಕ್ಕೆ ನುಂಗುವುದೇನು ಹೊಸದೇ? ನುಂಗಲಾರದ್ದು ಬೇರೆ. ತಿಥಿಯಾದ ಮರುದಿನ ಹಿರಿಯರನ್ನು ಕೂರಿಸಿ ಮರೆಮ್ಮ ಅಂದಳಲ್ಲ: “ಮದಿವಿಗೆ ಮೊದಲ ಈಕಿ ಪುಣಾದಾಗ ದುಡೀತಿದ್ಳು. ಅಲ್ಲಿಂದ ತಂದು ನನ್ನ ಮಗಗ ಹಚ್ಯಾಳ.” ಇಡೀ ಊರೇ ನನ್ನ ಮುಖ ನೋಡಿತು. ನಾನು ನಿನ್ನ ಮುಖ ನೋಡಿದೆ. ನೀನು ತಲೆ ತಗ್ಗಿಸಿ ನೆಲ ಕೆರೆಯುತ್ತ ಕೂತಿದ್ದೆ. ತಂಗಿಗಾದ ಅವಮಾನ ನೋಡಲಾರದೆ ನನ್ನಣ್ಣ ಹೀಗೆ ಕುಗ್ಗಿದ್ದಾನೆ ಎಂದುಕೊಂಡು ನಿನಗೇ ನಾನು ನೀರು ತಂದುಕೊಟ್ಟೆ! ಒಂದೇ ಒಂದು ಮಾತು ನಿನ್ನ ಬಾಯಲ್ಲಿತ್ತು. ಅದನ್ನು ಆಡಿದ್ದರೆ ಮಗ ನನ್ನ ಜೊತೆ ಬಸ್ಸು ಹತ್ತುತ್ತಿದ್ದ. ನೀನು ನೀರು ಕುಡಿದು ಸುಮ್ಮನೆ ಕೂತೆ.

ಸತ್ತವರ ಮೇಲಿನ ಸಿಟ್ಟು ಅವರ ಜೊತೆಗೇ ಮಣ್ಣಾಯಿತು. ಅವರು ಗಂಡ, ಹೊರಗಿನಿಂದ ಬಂದವರು. ನೀನು ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ನಂಬಿಸಿ ಕುತ್ತಿಗೆ ಕೊಯ್ದೆ ಎಂದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆದಿದ್ದೇನೆ, ಓದಿಕೋ.

ಅವ್ವನಿಗೆ ಇದಾವುದನ್ನೂ ಹೇಳಬೇಡ, ಆಕೆಯ ಕಾಲಿಗೆ ನನ್ನ ಶರಣು ಮುಟ್ಟಿಸು. ಅತ್ತಿಗೆಗೆ ನನ್ನ ನೆನಪು ಹೇಳು. ನಿನ್ನ ಮಕ್ಕಳು ನೂರು ವರ್ಷ ಬಾಳಲಿ, ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಇಂತಿ ನಿನ್ನ ಒಡಹುಟ್ಟಿದವಳು,
ಶಿವಬಸವ್ವ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ನಾನು ಅತ್ತೆಯ ಊರಿಗೆ ಹೋಗುತ್ತಿದ್ದೇನೆ. ಹಿರಿಯರಿಗೆ ಹೇಳಿ ಕಳಿಸಿದ್ದೇನೆ. ನೀನು ಬಂದು ಅವರೆಲ್ಲರ ಎದುರು ನಿನ್ನ ಬಾಯಿಂದಲೇ ಹೇಳು, ಮದುವೆಗೆ ಮುಂಚೆಯೇ ಅವನಿಗಿತ್ತು, ನನಗೆ ಗೊತ್ತಿತ್ತು ಎಂದು. ಬರದಿದ್ದರೆ ಆ ಹಾಳೆ ನಾನೇ ಓದುತ್ತೇನೆ, ನಿನ್ನ ಹೆಸರನ್ನೂ ಬಿಡುವುದಿಲ್ಲ. ನಿನ್ನ ಮಾನ ಕಳೆಯುವ ಆಸೆಯಿಂದಲ್ಲ, ಅಣ್ಣಾ. ಹೋದ ಪಂಚಮಿಗೆ ನಾನು ಅಲ್ಲಿಗೆ ಹೋದಾಗ ಪ್ರೇಮಕುಮಾರ ಮರೆಮ್ಮನ ಸೆರಗು ಹಿಡಿದುಕೊಂಡು, ನನ್ನ ಕಡೆ ಬೆರಳು ಮಾಡಿ ಆಕೆಯನ್ನು ಕೇಳಿದ: “ಯವ್ವಾ, ಈಕಿ ಯಾರು?”